ಎರಡು ಮನಸ್ಸಿನಲ್ಲಿ ನಿಲ್ಲುವುದು ಅಷ್ಟು ಅಪಾಯವೇ?

ಪ್ರಶ್ನೆ:
ಭಾನುವಾರ ಚರ್ಚಿನಲ್ಲಿ ಪ್ರಸಂಗ (ಉಪದೇಶ) ಬೈಬಲಿನ 1 ಅರಸುಗಳು 18:21ರ ಮೇಲೆ ಇತ್ತು. ಕರ್ಮೆಲ್ ಬೆಟ್ಟದಲ್ಲಿ ಪ್ರವಾದಿ ಎಲೀಯ ಜನರನ್ನು ಕೇಳುತ್ತಾನಲ್ಲ, ದೇವರ ಕಡೆ, ಬಾಳನೆಂಬ ಬೇರೆ ದೇವತೆಯ ಕಡೆ, ಎಷ್ಟು ದಿನ ಎರಡೂ ಕಡೆ ಇರುತ್ತೀರಿ ಅಂತ. ಜನ ಒಂದು ಮಾತೂ ಆಡಲಿಲ್ಲ. ಆ ಮೌನ ನನ್ನದೇ ಅನ್ನಿಸಿತು. ಆರು ವರ್ಷದಿಂದ ಸಭೆಗೆ ಹೋಗುತ್ತಿದ್ದೇನೆ. ದೀಕ್ಷಾಸ್ನಾನದ (ಬ್ಯಾಪ್ಟಿಸಮ್) ಮಾತು ಬಂದರೆ ಮಾತ್ರ 'ಮುಂದೆ ನೋಡೋಣ' ಅನ್ನುತ್ತೇನೆ. ನನಗೆ ವಿರೋಧವೇನೂ ಇಲ್ಲ. ಸುಮ್ನೆ ಕಾಯುವುದು ತಪ್ಪಾ?

ಉತ್ತರ 1:
ಅಪೊಸ್ತಲರ ಕೃತ್ಯಗಳು 24 ಓದಿ. ಸೆರೆಯಲ್ಲಿದ್ದ ಅಪೊಸ್ತಲ ಪೌಲನ ಮಾತು ಕೇಳಿ ರೋಮನ್ ಅಧಿಪತಿ ಫೇಲಿಕ್ಸನಿಗೆ ಭಯವಾಯಿತು. ಸಮಯ ಸಿಕ್ಕಾಗ ಮತ್ತೆ ಕರೆಸುತ್ತೇನೆ ಅಂದ. ಕರೆಸಿದ ಕೂಡ, ಎಷ್ಟೋ ಸಲ. ಆದರೆ ಆಗ ಅವನ ಕಣ್ಣು ಲಂಚದ ಮೇಲಿತ್ತು. ಎರಡು ವರ್ಷ ಹಾಗೇ ಕಳೆಯಿತು. ಆ ಮೊದಲ ನಡುಕ ಮತ್ತೆ ಬಂತು ಅಂತ ಎಲ್ಲೂ ಬರೆದಿಲ್ಲ. ನನಗೆ ಹೆದರಿಕೆ ಆಗುವುದು ಅಲ್ಲೇ. ಮುಂದೂಡಿದಷ್ಟೂ ಮನಸ್ಸು ಮರಗಟ್ಟುತ್ತದೆ.

ಉತ್ತರ 2:
ಬೋಧಕರಿಗೂ ಇದು ಅನ್ವಯಿಸುತ್ತದೆ. 1871ರ ಅಕ್ಟೋಬರ್ 8ರಂದು ಅಮೆರಿಕದ ಬೋಧಕ ಡಿ. ಎಲ್. ಮೂಡಿ ಶಿಕಾಗೋದಲ್ಲಿ ಪ್ರಸಂಗ ಮಾಡಿ, ಯೋಚಿಸಿ ಮುಂದಿನ ವಾರ ತೀರ್ಮಾನ ಹೇಳಿ ಅಂದಿದ್ದರು. ಅದೇ ರಾತ್ರಿ ಮಹಾ ಬೆಂಕಿ ಹತ್ತಿತು. ಆ ಸಭೆ ಮತ್ತೆ ಸೇರಲಿಲ್ಲ. ಅವರು ಕೊನೆವರೆಗೂ ಅದಕ್ಕೆ ಮರುಗಿದರು.

ಉತ್ತರ 3:
ಒಂದು ಮಾತು. ಅನುಮಾನ ಬೇರೆ, ಮುಂದೂಡುವುದು ಬೇರೆ. ಮಾರ್ಕ 9ರಲ್ಲಿ ಮಗನನ್ನು ಗುಣಪಡಿಸು ಅಂತ ಕೇಳಿದ ತಂದೆ ಅರೆನಂಬಿಕೆಯಲ್ಲೇ ಯೇಸುವಿನ ಬಳಿ ಬಂದ. ಯೇಸು ಅವನನ್ನು ಕಳಿಸಿಬಿಡಲಿಲ್ಲ, ಅಲ್ವಾ?

ಪ್ರಶ್ನೆ ಕೇಳಿದವರು:
ನನ್ನದು ಅನುಮಾನ ಅಂದುಕೊಂಡಿದ್ದೆ. ಅಲ್ಲ, ಮುಂದೂಡಿದ್ದೇ ಜಾಸ್ತಿ. ಇವತ್ತು ಸಂಜೆ ಪಾಸ್ಟರ್ ಹತ್ತಿರ ಮಾತಾಡುತ್ತೇನೆ.