ಒಂದೇ ಪುಟಕ್ಕೆ 201 ಕ್ವೆರಿ ಯಾಕೆ?

ಪ್ರಶ್ನೆ: ನಮಸ್ಕಾರ ಮೇಡಂ. ನಮ್ಮೂರ ಗ್ರಂಥಾಲಯಕ್ಕೆ ಜ್ಯಾಂಗೋದಲ್ಲಿ (ಪೈಥಾನ್‌ನ ವೆಬ್ ಫ್ರೇಮ್‌ವರ್ಕ್) ಒಂದು ವೆಬ್ ಆ್ಯಪ್ ಮಾಡಿದ್ದೇನೆ. ಪಟ್ಟಿಯಲ್ಲಿ 100 ಪುಸ್ತಕ, ಪ್ರತಿಯೊಂದರ ಪಕ್ಕ ಪ್ರಕಾಶಕರು ಮತ್ತು ಲೇಖಕರ ಹೆಸರು. ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗಿಯೇ ಇತ್ತು. ಸರ್ವರ್‌ಗೆ ಹಾಕಿದ ಮೇಲೆ ತುಂಬಾ ನಿಧಾನ. ಅಲ್ಲಿ ಡೇಟಾಬೇಸ್ ಬೇರೆ ಮೆಷಿನ್‌ನಲ್ಲಿದೆ. ಕ್ವೆರಿಗಳನ್ನು, ಅಂದರೆ ಡೇಟಾಬೇಸ್‌ಗೆ ಹೋಗುವ ಪ್ರಶ್ನೆಗಳನ್ನು, ತೋರಿಸುವ ಡಿಬಗ್ ಟೂಲ್‌ಬಾರ್ ಹಾಕಿ ನೋಡಿದರೆ ಒಂದೇ ಪುಟಕ್ಕೆ 201 ಕ್ವೆರಿ! ಬೇಗ ಹುಡುಕಲಿ ಅಂತ ಡೇಟಾಬೇಸ್‌ನಲ್ಲಿ ಇಂಡೆಕ್ಸ್ ಹಾಕಿದೆ, ಏನೂ ಪ್ರಯೋಜನ ಆಗಲಿಲ್ಲ.

ಉತ್ತರ: ಎಣಿಸಿ ನೋಡಿದ್ದು ತುಂಬಾ ಒಳ್ಳೆಯದಾಯಿತು. ಈಗ ಟೂಲ್‌ಬಾರ್‌ನ ಪಟ್ಟಿಯನ್ನು ಮೇಲಿಂದ ಕೆಳಗೆ ಓದಿ. ಒಂದೇ ಸಾಲು ಮತ್ತೆ ಮತ್ತೆ ಬಂದಿರುತ್ತದೆ, ಕೊನೆಯ ಐಡಿ ಮಾತ್ರ ಬೇರೆ: 7, 12, 31... ಪುಸ್ತಕಗಳಿಗೆ 1, ಪ್ರಕಾಶಕರಿಗೆ 100, ಲೇಖಕರಿಗೆ 100. ಪಟ್ಟಿಗೆ ಒಂದು ಕ್ವೆರಿ, ಆಮೇಲೆ ಪ್ರತಿ ಸಾಲಿಗೂ ಮತ್ತೆ ಬೇರೆ ಕ್ವೆರಿ: ಇದಕ್ಕೇ ಎನ್ ಪ್ಲಸ್ ಒನ್ ಅನ್ನುವುದು. ಲೂಪ್ ಒಳಗೆ ನೀವು ಹೆಸರು ಕೇಳಿದಾಗಲೆಲ್ಲ ಜ್ಯಾಂಗೋ ಡೇಟಾಬೇಸ್‌ಗೆ ಹೋಗಿ ಬರುತ್ತದೆ.

ಒಂದೊಂದು ಕ್ವೆರಿಯೂ ಬೇಗನೇ ಮುಗಿಯುತ್ತದೆ. ಪ್ರೈಮರಿ ಕೀಗೆ, ಅಂದರೆ ಐಡಿಗೆ, ಇಂಡೆಕ್ಸ್ ಮೊದಲೇ ಇರುತ್ತದಲ್ವಾ? ಸಮಯ ಹೋಗುವುದು ಓಡಾಟದಲ್ಲಿ. ಒಂದು ಸಲಕ್ಕೆ 2 ಮಿಲಿಸೆಕೆಂಡ್ ಅಂದರೂ 201 ಸಲಕ್ಕೆ 400 ದಾಟುತ್ತದೆ.

ಪುಸ್ತಕಕ್ಕೆ ಪ್ರಕಾಶಕರು ಒಬ್ಬರೇ. ಅಲ್ಲಿ ಸೆಲೆಕ್ಟ್_ರಿಲೇಟೆಡ್ ಹಾಕಿ, ಪ್ರಕಾಶಕರ ವಿವರ ಅದೇ ಕ್ವೆರಿಯಲ್ಲಿ ಜಾಯಿನ್ ಆಗಿ, ಅಂದರೆ ಪುಸ್ತಕದ ಸಾಲಿಗೇ ಸೇರಿಕೊಂಡು, ಬರುತ್ತದೆ. ಲೇಖಕರು ಹಲವರಿರಬಹುದು. ಅವರನ್ನೂ ಜಾಯಿನ್ ಮಾಡಿದರೆ ಮೂವರು ಬರೆದ ಪುಸ್ತಕದ ಸಾಲು ಮೂರು ಸಲ ಬರುತ್ತದೆ. ಅಲ್ಲಿಗೆ ಪ್ರಿಫೆಚ್_ರಿಲೇಟೆಡ್. ಅದು 100 ಪುಸ್ತಕಗಳ ಐಡಿಯನ್ನೂ ಒಟ್ಟಿಗೆ ಕೊಟ್ಟು, ಲೇಖಕರನ್ನೆಲ್ಲ ಒಂದೇ ಕ್ವೆರಿಯಲ್ಲಿ ತಂದು, ಪೈಥಾನ್ ಒಳಗೆ ಜೋಡಿಸುತ್ತದೆ. ಒಟ್ಟು 2 ಕ್ವೆರಿ.

ಪ್ರಶ್ನೆ: ಎರಡೂ ಹಾಕಿದೆ ಮೇಡಂ. ಆದರೆ 102 ತೋರಿಸುತ್ತಿದೆ.

ಉತ್ತರ: ಹಾಗಾದರೆ ಪ್ರಿಫೆಚ್ ಲೇಖಕರನ್ನು ತಂದಿದೆ, ನಿಮ್ಮ ಕೋಡ್ ಅದನ್ನು ಮುಟ್ಟುತ್ತಿಲ್ಲ. ಲೇಖಕರ ಹೆಸರು ಸೇರಿಸಿ ಕೊಡುವ ಮೆಥಡ್ ಏನಾದರೂ ಮಾಡೆಲ್‌ನಲ್ಲಿದೆಯಾ? ಅದರಲ್ಲಿ ಆರ್ಡರ್_ಬೈ ಅಥವಾ ಫಿಲ್ಟರ್ ಇದೆಯಾ ನೋಡಿ.

ಪ್ರಶ್ನೆ: ಹೌದು! ಹೆಸರುಗಳು ಅಕಾರಾದಿಯಾಗಿ ಬರಲಿ ಅಂತ ಆರ್ಡರ್_ಬೈ ಹಾಕಿದ್ದೆ.

ಉತ್ತರ: ಅದೇ ಕಾರಣ. ಆರ್ಡರ್_ಬೈ ಅಂದ ತಕ್ಷಣ ಜ್ಯಾಂಗೋ ಅದನ್ನು ಹೊಸ ಕ್ವೆರಿ ಅಂತ ತಿಳಿಯುತ್ತದೆ, ತಂದಿಟ್ಟದ್ದು ಸುಮ್ನೆ ಬಿದ್ದಿರುತ್ತದೆ. ಮೆಥಡ್‌ನಲ್ಲಿ ಬರೀ ಆಲ್ (ಎಲ್ಲ ಲೇಖಕರೂ ಬರಲಿ ಅನ್ನುವುದು) ಇರಲಿ. ಪ್ರಿಫೆಚ್_ರಿಲೇಟೆಡ್ ಒಳಗೆ ಪ್ರಿಫೆಚ್ ಆಬ್ಜೆಕ್ಟ್ ಬಳಸಿ, ಅಕಾರಾದಿ ಕ್ರಮವನ್ನು ಅದಕ್ಕೆ ಕೊಡುವ ಕ್ವೆರಿಸೆಟ್‌ನಲ್ಲೇ (ಯಾವುದನ್ನು ಹೇಗೆ ತರಬೇಕು ಅನ್ನುವ ವಿವರ) ಹೇಳಿಬಿಡಿ.

ಪ್ರಶ್ನೆ: 2 ಬಂತು ಮೇಡಂ! ತುಂಬಾ ಥ್ಯಾಂಕ್ಸ್.

ಉತ್ತರ: ಸಂತೋಷ. ಇವತ್ತೇ ಕ್ವೆರಿಗಳ ಸಂಖ್ಯೆ ಪರೀಕ್ಷಿಸುವ ಅಸರ್ಟ್‌ನಮ್‌ಕ್ವೆರೀಸ್ ಬಳಸಿ ಈ ಪುಟಕ್ಕೆ ಒಂದು ಟೆಸ್ಟ್ ಬರೆದಿಡಿ. ನಾಳೆ ಯಾರಾದರೂ ಟೆಂಪ್ಲೇಟ್‌ಗೆ ಇನ್ನೊಂದು ಹೆಸರು ಸೇರಿಸಿ ಕ್ವೆರಿ ಜಾಸ್ತಿಯಾದರೆ, ಸರ್ವರ್‌ಗೆ ಹೋಗುವ ಮೊದಲೇ ಟೆಸ್ಟ್ ಫೇಲ್ ಆಗುತ್ತದೆ.