ಓಣ್ಯಾಗ ಹನ್ನೊಂದ ಮಂದಿ ಅದೀವಿ, ಪಕ್ಷಕ್ಕ ಸೇರೂದೋ ಹೊರಗ ನಿಂತು ಹೋರಾಡೂದೋ? ಅನುಭವ ಇದ್ದವ್ರು ಹೇಳ್ರಿ

ನಮಸ್ಕಾರ ರೀ ಎಲ್ಲಾರಿಗೂ. ನಾವು ಹುಬ್ಬಳ್ಳಿಯವ್ರು, ಹನ್ನೊಂದ ಮಂದಿ, ಹೆಚ್ಚಿನವ್ರು ಕಾಲೇಜ್ ಮುಗಿಸಿದವ್ರು, ಇಬ್ರು ಗೌಂಡಿ ಕೆಲಸದವ್ರು, ಒಬ್ರು ಅಂಗನವಾಡಿ ಅಕ್ಕಾರು. ಹೋದ ತಿಂಗಳ ಓಣಿ ನೀರಿನ ಸಲುವಾಗಿ ಸಹಿ ಮಾಡಿಸಿ ಮನವಿ ಕೊಟ್ವಿ, ಮರುದಿನಾನ ಇಬ್ರ ಮನಿಗೆ ಫೋನ್ ಬಂತು, "ನಿಮ್ಮ ಹುಡುಗಗ ಯಾಕ ಬೇಕ ಇದೆಲ್ಲಾ" ಅಂತ. ನೀರಿನ ಮಾತಿಗೇ ಹಿಂಗಾದ್ರ ಮುಂದ ಹೆಂಗ ಅಂತ ಮನ್ಯಾಗ ಹೆದರ್ಯಾರ. ಕೆಲವರು ಪಕ್ಷದ ವಾರ್ಡ್ ಘಟಕ ಸೇರೂಣು, ಬೆನ್ನಿಗೆ ಯಾರರೆ ಇರ್ತಾರ ಅಂತಾರ. ಕೆಲವರು ಪಕ್ಷ ಬ್ಯಾಡ, ನಮ್ಮದ ಒಂದ ವೇದಿಕಿ ಕಟ್ಟೂಣು ಅಂತಾರ. ನೀವು ಮಾಡಿ ನೋಡಿದ್ದು ಹೇಳ್ರಿ.

ಹಳೇ ಹುಬ್ಬಳ್ಳಿಯಿಂದ ಒಬ್ಬಾಕಿ:

ತಮ್ಮಾ, ನಾ ಹದಿನಾರ ವರ್ಷ ಒಂದ ಪಕ್ಷದ ಬೂತ್ ಕೆಲಸ ಮಾಡೀನಿ, ಯಾವುದು ಅಂತ ಇಲ್ಲಿ ಬ್ಯಾಡ. ಸೇರೂದೋ ಬಿಡೂದೋ ಅನ್ನೂಕಿಂತ ಮೊದ್ಲ ಇನ್ನೊಂದ ಲೆಕ್ಕ ಮಾಡ್ರಿ, ನಿಮ್ಮ ಬೂತಿನ್ಯಾಗ ಎಷ್ಟ ಮನಿ ಅದಾವು, ಅದ್ರಾಗ ಎಷ್ಟ ಮನಿಯವ್ರು ನಿಮ್ಮನ್ನ ಹೆಸರ ಹಿಡದು ಒಳಗ ಕರೀತಾರ. ಯಾಕ ಹೇಳ್ತೀನಿ ಅಂದ್ರ, ನಾವು ಶುರುವಿನ್ಯಾಗ ದೊಡ್ಡ ತಪ್ಪ ಮಾಡಿದ್ವಿ. ಮೈಕು, ಬ್ಯಾನರು, ಚೆನ್ನಮ್ಮ ಸರ್ಕಲ್‌ನ್ಯಾಗ ಪ್ರತಿಭಟನಿ, ವಾಟ್ಸಾಪ್ ಗ್ರೂಪಿನ್ಯಾಗ ನಾಕನೂರ ಮಂದಿ, ನಮಗ ಭಾರಿ ಬಲ ಬಂತು ಅನ್ನಿಸಿತ್ತು. ಹದಿನೈದ ದಿನಕ್ಕ ನಮ್ಮ ಒಬ್ಬ ಹುಡುಗನ್ನ ಠಾಣೆಗೆ ಕರದ್ರು, ಗ್ರೂಪಿನ್ಯಾಗ ಹಾಕಿದೆ, ರಾತ್ರಿ ಒಂಬತ್ತಕ್ಕ ಠಾಣೆ ಮುಂದ ಬಂದವ್ರು ಆರ ಮಂದಿ. ಆ ಆರೂ ಮಂದಿ ಮನ್ಯಾಗ ನಾವು ಒಂದಲ್ಲ ಒಂದ ದಿನ ಕುಂತು ಚಾ ಕುಡದಿದ್ವಿ, ಅವರ ಮುದುಕರ ಪೆನ್ಷನ್ ಅರ್ಜಿ ಬರದ ಕೊಟ್ಟಿದ್ವಿ. ಉಳಿದವ್ರ ಮ್ಯಾಲ ನಂಗ ಸಿಟ್ಟಿಲ್ಲ, ಅವ್ರಿಗೆ ನಮ್ಮ ಮುಖಾನ ಗೊತ್ತಿರಲಿಲ್ಲ, ಯಾರ ಸಲುವಾಗಿ ಹೆದ್ರಿಕಿ ಬಿಟ್ಟು ಬರಬೇಕು ಅವ್ರು?

ಅವತ್ತಿನಿಂದ ನಾ ಒಂದ ರೆಜಿಸ್ಟರ್ ಇಟ್ಟೆ, ಇನ್ನೂರ ಪುಟದ್ದು, ಸ್ಟೇಷನರಿ ಅಂಗಡ್ಯಾಗ ಸಿಗ್ತೈತಲ್ಲ ಅದು. ಮತದಾರರ ಪಟ್ಟಿ ಮುಂದಿಟ್ಕೊಂಡು ಒಂದ ಮನಿಗೆ ಒಂದ ಪುಟ, ಯಾರು ತೀರ್ಕೊಂಡಾರ, ಯಾರು ಬಾಡಿಗಿ ಬಿಟ್ಟು ಹೋಗ್ಯಾರ, ಯಾರಿಗೆ 18 ತುಂಬೈತಿ, ಯಾರ ಮನ್ಯಾಗ ಹಾಸಿಗಿ ಹಿಡದವ್ರು ಅದಾರ, ನಳ ಯಾವಾಗ ಬಂತು. ಜಾತಿ ಬರೀಬ್ಯಾಡ್ರಿ, ಯಾವ ಪಕ್ಷಕ್ಕ ಓಟ ಹಾಕ್ತಾರ ಅಂತೂ ಬರೀಲೇಬ್ಯಾಡ್ರಿ. ಆ ಪುಸ್ತಕ ಬ್ಯಾರೆಯವ್ರ ಕೈಗೆ ಸಿಕ್ರ ನಮ್ಮ ಮಂದಿಗೇ ಕಂಟಕ.

ಈ ರೆಜಿಸ್ಟರ್ ಬೆಲೆ ನನಗ ಗೊತ್ತಾಗಿದ್ದು ಪಟ್ಟಿ ಪರಿಷ್ಕರಣೆ ಟೈಮಿನ್ಯಾಗ. ಕರಡು ಪಟ್ಟಿ ಬಂದಾಗ ಮನಿ ಮನಿ ಪುಟದ ಜೋಡಿ ತಾಳೆ ನೋಡಿದ್ವಿ, ಒಬ್ರು ಅಜ್ಜಿ, ಗಂಡ ಇಲ್ಲ, ನಲವತ್ತ ವರ್ಷದಿಂದ ಅದ ಮನ್ಯಾಗ ಅದಾರ, ಅವರ ಹೆಸರ ಮುಂದ ಸ್ಥಳಾಂತರ ಅಂತ ಬರದಿತ್ತು. ಅಂಥಾವು ಆ ಒಂದ ಬೂತಿನ್ಯಾಗ ಹದಿನಾಲ್ಕ ಸಿಕ್ಕೂವು. ಫಾರ್ಮ್ 7 ಅಂತ ಇರ್ತೈತಿ, ಹೆಸರ ತೆಗೀರಿ ಅಂತ ಆಕ್ಷೇಪಣಿ ಹಾಕೂದು, ಅದೇ ಕ್ಷೇತ್ರದ ಮತದಾರ ಯಾರ ಬೇಕಾದ್ರೂ ಹಾಕಬಹುದು. ಸುಳ್ಳ ಬರದು ಕೊಟ್ರ 1950ರ ಪ್ರಜಾಪ್ರತಿನಿಧಿ ಕಾಯ್ದೆ 31ನೇ ಕಲಂ ಪ್ರಕಾರ ಒಂದ ವರ್ಷದ ತನಕ ಜೈಲ್ ಐತಿ, ಆದ್ರ ಯಾರರೆ ನೋಡಿ ಹೇಳಿದ್ರ ಅಲ್ಲೇನು ಗೊತ್ತಾಗೂದು? ಓಟ ಹಾಕೂ ದಿನ ಬಾಗಿಲಾಗ ನಿಂತು ಅತ್ರ ಏನೂ ಆಗೂದಿಲ್ಲ. ಆ ಅಜ್ಜಿಗೆ ಫಾರ್ಮ್ 6 ತುಂಬಿಸಿ ಮತ್ತ ಹೆಸರ ಸೇರಿಸಿದ್ವಿ, ಓಟ ಹಾಕಿ ಬಂದು ಬೆರಳ ತೋರಿಸಿ ನನ್ನ ಕೈ ಹಿಡಕೊಂಡು ಬಿಡಲೇ ಇಲ್ಲ.

ಅದಕ್ಕ ನನ್ನ ಸಲಹಿ, ಹನ್ನೊಂದ ಮಂದ್ಯಾಗ ಇಬ್ರೋ ಮೂವ್ರೋ ನಿಮಗ ಮನಸ್ಸಿಗೆ ಬಂದ ಪಕ್ಷದಾಗ ಸೇರ್ರಿ. ಮಾನ್ಯತೆ ಇದ್ದ ಪಕ್ಷಕ್ಕ ಬೂತ್ ಲೆವೆಲ್ ಏಜೆಂಟ್ (ಬೂತಿನ ಮತದಾರರ ಪಟ್ಟಿ ಮ್ಯಾಲ ಪಕ್ಷದ ಪರ ಕಣ್ಣಿಡೂವ್ರು) ನೇಮಿಸೂ ಹಕ್ಕ ಐತಿ, ಆ ಕೆಲಸ ಕೇಳಿ ತಗೊಳ್ರಿ, ಯಾರೂ ಮುಂದ ಬರಂಗಿಲ್ಲ, ನಿಮಗ ಸಿಕ್ಕೇ ಸಿಗ್ತೈತಿ. ಮತದಾನದ ದಿನ ಪೋಲಿಂಗ್ ಏಜೆಂಟ್ ಆಗಿ ಕುಂದರ್ರಿ. ಶುರುವಾಗೂಕಿಂತ ಮೊದ್ಲ ಅಣಕು ಮತದಾನದಾಗ ಕಮ್ಮಿ ಅಂದ್ರ 50 ಓಟ ಹಾಕಿ ತೋರಿಸಬೇಕು, ಮುಗದ ಮ್ಯಾಲ ಎಷ್ಟ ಓಟ ಬಿದ್ದೂವು ಅನ್ನೂ ಫಾರ್ಮ್ 17ಸಿ ಪ್ರತಿ ಸಹಿ ಸಮೇತ ಕೇಳಿ ಇಸ್ಕೊಂಡ ಬರ್ರಿ. ಹಸಿವ್ಯಾಗೈತಿ, ಕತ್ತಲಾಗೈತಿ ಅಂತ ಅರ್ಧಕ್ಕ ಎದ್ದ ಬಂದವ್ರನ್ನ ನಾ ಎಷ್ಟೋ ಮಂದಿನ್ನ ನೋಡೀನಿ, ಅದು ನನಗ ಇವತ್ತಿಗೂ ಸಂಕಟ. ಉಳದವ್ರು ಹೊರಗ ಇರ್ರಿ. ರೆಜಿಸ್ಟರ್ ಮಾತ್ರ ಓಣಿದು, ಪಕ್ಷದ ಆಫೀಸಿಗೆ ಹೋಗಬಾರ್ದು.

ಇನ್ನೊಂದ ಮಾತ. ಸರ್ವಾಧಿಕಾರ ಅಂದ್ರ ಬರೇ ದಿಲ್ಲಿ ಬೆಂಗಳೂರಿನ ಮಾತು ಅಂತ ತಿಳೀಬ್ಯಾಡ್ರಿ. ನಮ್ಮ ಹುಬ್ಬಳ್ಳಿ-ಧಾರವಾಡ ಪಾಲಿಕಿ ಅವಧಿ 2019ರ ಮಾರ್ಚಿಗೆ ಮುಗೀತು, 82 ವಾರ್ಡಿಗೆ ಚುನಾವಣಿ ಆಗಿದ್ದು 2021ರ ಸೆಪ್ಟೆಂಬರ್‌ನ್ಯಾಗ. ಅವಧಿ ಮುಗಿಯೂದ್ರೊಳಗ ಚುನಾವಣಿ ಆಗಬೇಕು ಅಂತ ಸಂವಿಧಾನದ 243ಯು ಹೇಳ್ತೈತಿ, ಆದ್ರೂ ಎರಡೂವರಿ ವರ್ಷ ನಮಗ ಕಾರ್ಪೊರೇಟರ್ ಅನ್ನೂವ್ರೇ ಇರಲಿಲ್ಲ, ಕೊರೊನಾ ಬಂದಾಗೂ ಇರಲಿಲ್ಲ, ಯಾರ ಬಾಗಿಲ ಬಡೀಬೇಕು ಗೊತ್ತಿರಲಿಲ್ಲ. ಅದಕ್ಕ ಎಷ್ಟ ಮಂದಿ ಬೀದಿಗೆ ಬಂದ್ರು ಹೇಳ್ರಿ? ಸದ್ದಿಲ್ಲದ ಹೋಗೂ ಹಕ್ಕ ಇಂಥಾವು.

ನರಗುಂದ ತಾಲೂಕಿನಿಂದ ಒಬ್ಬ ರೈತ:

ಅಕ್ಕಾರು ಮನಿ ಮನಿ ಅಂದದ್ದು ಖರೆ, ಆದ್ರ ಪಕ್ಷದ ಮಾತಿಗೆ ನಾ ಒಪ್ಪೂದಿಲ್ಲ ರೀ. 1980ರ ಜುಲೈ 21 ನಮ್ಮ ಅಪ್ಪ ಕಣ್ಣಾರೆ ಕಂಡಾನ. ಮಲಪ್ರಭಾ ಕಾಲುವಿ ನೀರ ಸರಿಯಾಗಿ ಬರದನ ಬೆಟರ್‌ಮೆಂಟ್ ಲೆವಿ (ನೀರಾವರಿಯಿಂದ ಜಮೀನಿನ ಬೆಲೆ ಏರೈತಿ ಅಂತ ಹಾಕೂ ಕರ) ಕಟ್ರಿ ಅಂದ್ರು, ರೈತ್ರು ಕಟ್ಟೂದಿಲ್ಲ ಅಂದ್ರು, ನರಗುಂದ ನವಲಗುಂದದಾಗ ಗೋಲಿಬಾರ್ ಆತು, ನಮ್ಮಲ್ಲಿ ಈರಪ್ಪ ಕಡ್ಲಿಕೊಪ್ಪ, ನವಲಗುಂದದಾಗ ಬಸಪ್ಪ ಲಕ್ಕುಂಡಿ ಸತ್ರು. ಆ ಬೆಂಕಿ ಇಡೀ ರಾಜ್ಯಕ್ಕ ಹಬ್ಬಿ ರೈತ ಸಂಘ ಹುಟ್ತು, 1983ರ ಜನವರಿ ಚುನಾವಣ್ಯಾಗ ಗುಂಡೂರಾವ್ ಸರ್ಕಾರ ಹೋತು, ರಾಜ್ಯದಾಗ ಮೊದಲ ಸಲ ಕಾಂಗ್ರೆಸ್ ಬಿಟ್ಟು ಬ್ಯಾರೆ ಸರ್ಕಾರ ಬಂತು. ಅಪ್ಪ ಹೇಳತಿದ್ದ, ಪಕ್ಷಾ ನೋಡಿ ಕರೀಲಿಲ್ಲ, ಲೆವಿ ನೋಟೀಸು ಯಾರ ಮನಿಗೆ ಬಂದಿತ್ತೋ ಅವ್ರೆಲ್ಲಾ ಬಂದ್ರು ಅಂತ.

ನಾ ಕುಂತದ್ದು ಮಹದಾಯಿ ಧರಣ್ಯಾಗ, 2015ರ ಜುಲೈದಾಗ ಶುರು ಆಗಿದ್ದು ಸಾವಿರ ದಿನ ದಾಟ್ತು. ಇಷ್ಟ ದಿನ ಹೆಂಗ ಕುಂತ್ರಿ ಅಂತ ಮಂದಿ ಕೇಳ್ತಾರ. ನಮ್ಮ ಓಣಿಯವ್ರು ಪಾಳಿ ಹಾಕ್ಕೊಂಡಿದ್ವಿ, ಬಿತ್ತೂ ಟೈಮಿನ್ಯಾಗ ಯಾರ ಹೊಲ ಮುಗದೈತೋ ಅವ್ರು ಕುಂದರೂದು, ಉಳದವ್ರ ಮನಿಯಿಂದ ರೊಟ್ಟಿ ಬರೂದು. ಎಲ್ಲಾ ಪಕ್ಷದ ಲೀಡರ್‌ಗಳು ಬಂದ್ರು, ಮೈಕ್ ಕೊಟ್ವಿ, ಕೇಳಿದ್ವಿ, ಬಾವುಟ ಮಾತ್ರ ಒಳಗ ಬಿಡಲಿಲ್ಲ. ಒಬ್ಬರ ಬಾವುಟ ಬಿಟ್ರ ಇನ್ನೊಬ್ರ ಮನಿ ರೊಟ್ಟಿ ನಿಂತ ಹೋಗ್ತಿತ್ತು. 2016ರ ಜುಲೈನ್ಯಾಗ ನ್ಯಾಯಮಂಡಳಿ ಮಧ್ಯಂತರ ಅರ್ಜಿ ತಳ್ಳಿಹಾಕಿದ ಮ್ಯಾಲ ಸಿಟ್ಟಿನ್ಯಾಗ ನಮ್ಮ ಭಾಗದಾಗ ಕಲ್ಲು ಬೆಂಕಿ ಆದುವು, ಆಮ್ಯಾಲ ನವಲಗುಂದ ತಾಲೂಕಿನ ಯಮನೂರಿನ್ಯಾಗ ಮುದುಕ್ರು ಹೆಂಗಸ್ರು ಅನ್ನದ ಲಾಠಿ ಬಿತ್ತು, ರಾಜ್ಯ ಎಲ್ಲಾ ಟೀವಿಯಾಗ ನೋಡೈತಿ. ತಮ್ಮಗಳಿರಾ, ಇದನ್ನ ಕೈಮುಗದು ಹೇಳ್ತೀನಿ, ಒಂದ ಕಲ್ಲೂ ಬೀಳಬಾರ್ದು. ಯಾರ ಎಸದ್ರೂ ಲೆಕ್ಕ ನಿಮ್ಮ ಹೆಸರಿಗೇ, ಕೇಸಿಗೆ ಓಡಾಡೂವ್ರು ಕೂಲಿ ಬಿಟ್ಟು ಓಡಾಡಬೇಕು. 2018ರ ಆಗಸ್ಟಿನ ತೀರ್ಪಿನ್ಯಾಗ ರಾಜ್ಯಕ್ಕ 13.42 ಟಿಎಂಸಿ ಅಂತ ಬಂತು. ನೀರು ಇನ್ನೂ ಹೊಲಕ್ಕ ಬಂದಿಲ್ಲ, ಆ ನೋವು ಬ್ಯಾರೆ.

ಹಾನಗಲ್ ಕಡಿಯಿಂದ ನಿವೃತ್ತ ಮಾಸ್ತರು:

ನಮ್ಮ ಕುಸನೂರಿನ ಸಂಗತಿ ಈಗಿನ ಹುಡುಗ್ರಿಗೆ ಗೊತ್ತಿಲ್ಲ, ಹೇಳಲೇಬೇಕು. ಆಗ ಹಾವೇರಿ ಜಿಲ್ಲಾನ ಇರಲಿಲ್ಲ, ಎಲ್ಲಾ ಧಾರವಾಡನ. ಸರ್ಕಾರ ಒಂದ ಪಾಲಿಫೈಬರ್ ಕಂಪನಿ ಜೋಡಿ ಕೂಡಿ ಕರ್ನಾಟಕ ಪಲ್ಪ್‌ವುಡ್ ಅಂತ ಮಾಡಿ ಸುಮಾರು 30,000 ಹೆಕ್ಟೇರ್ ಗೋಮಾಳ, ಕಾವಲ್ ಜಮೀನು ನೀಲಗಿರಿ ಹಚ್ಚಾಕ ಕೊಡೂದಂತ ಆತು. ದನ ಎಲ್ಲಿ ಮೇಯಬೇಕು, ಉರುವಲ ಎಲ್ಲಿ ತರಬೇಕು ಯಾರೂ ಕೇಳಲಿಲ್ಲ. ಧಾರವಾಡದ ಸಮಾಜ ಪರಿವರ್ತನ ಸಮುದಾಯದ ಎಸ್.ಆರ್. ಹಿರೇಮಠರು ಹಳ್ಳಿ ಹಳ್ಳಿ ತಿರುಗಿದ್ರು, ಶಿವರಾಮ ಕಾರಂತರು ಅರ್ಜಿದಾರರಾಗಿ ಸುಪ್ರೀಂ ಕೋರ್ಟಿಗೆ ಹೋದ್ರು. 1987ರ ನವೆಂಬರ್ 14ಕ್ಕ ಕುಸನೂರಿನ್ಯಾಗ ಕಿತ್ತಿಕೊ-ಹಚ್ಚಿಕೊ ಸತ್ಯಾಗ್ರಹ. ನೀಲಗಿರಿ ಸಸಿ ಕೀಳೂದು, ಅದ ಜಾಗಾದಾಗ ಊರಿಗೆ ಬೇಕಾದ ಗಿಡ ಹಚ್ಚೂದು. ಮುಂದ 1991ರಾಗ ಆ ಕಂಪನಿನ ಮುಚ್ಚಿದ್ರು.

ನನ್ನ ಮನಸ್ಸಿಗೆ ಹತ್ತಿದ್ದು ಆ "ಹಚ್ಚಿಕೊ" ಅನ್ನೂ ಮಾತು. ನೀವು ನೀರಿನ ಮನವಿ ಕೊಟ್ಟೀರಿ, ಚಲೋ. ಅದರ ಜೋಡಿ ನೀರ ಬಂದ ದಿನ, ತಾಸು, ಯಾವ ಓಣಿ, ಬರದ ಇಡ್ರಿ. ಆರ್‌ಟಿಐ ಹಾಕ್ರಿ, 10 ರೂಪಾಯಿ ಫೀ, ನಮ್ಮ ರಾಜ್ಯದಾಗ ಒಂದ ಅರ್ಜಿಗೆ ಒಂದ ವಿಷಯ, 150 ಶಬ್ದದೊಳಗ ಬರೀಬೇಕು, 30 ದಿನಕ್ಕ ಉತ್ತರ ಬರಲಿಲ್ಲಂದ್ರ ಮೇಲ್ಮನವಿ. ಅವರ ಕಾಗದ ನಿಮ್ಮ ವಹಿ ಎರಡೂ ಎದುರಾ ಬದುರಾ ಇಟ್ರ ಮಾತಾಡಾಕ ದನಿ ತಾನ ಬರ್ತೈತಿ.

ಧಾರವಾಡದಿಂದ, ವಕೀಲಿ ಮಾಡಾಕಿ:

ಎರಡ ಮಾತ ಸಾಕು. ಮನಿಗೆ ಫೋನ್ ಬಂತು ಅಂದ್ರೆಲ್ಲಾ, ಯಾವಾಗ ಬಂತು, ಯಾವ ನಂಬರು, ಏನಂದ್ರು ಅವತ್ತಾ ಬರದ ಇಡ್ರಿ. ಠಾಣೆಗೆ ಬರ್ರಿ ಅಂದ್ರ ನೋಟೀಸು ಕೊಡ್ರಿ ಅಂತ ಕೇಳ್ರಿ, ಬಿಎನ್‌ಎಸ್‌ಎಸ್ (ಹಳೇ ಸಿಆರ್‌ಪಿಸಿ ಬದ್ಲಿ ಬಂದ ಕಾಯ್ದೆ) 35(3)ನೇ ಕಲಮಿನ ನೋಟೀಸಿಗೆ ಹೇಳಿದ ದಿನ ಹಾಜರಾದ್ರ ಕಾರಣ ಬರೀದನ ಬಂಧಿಸೂ ಹಂಗಿಲ್ಲ. ಬಂಧಿಸಿದ್ರ 24 ತಾಸಿನೊಳಗ ಮ್ಯಾಜಿಸ್ಟ್ರೇಟ್ ಮುಂದ ನಿಲ್ಲಿಸಲೇಬೇಕು, ಮನಿಯವ್ರಿಗೆ ತಿಳಿಸಲೇಬೇಕು. ಹೆಣ್ಮಕ್ಕಳನ್ನ ಹೊತ್ತ ಮುಳುಗಿದ ಮ್ಯಾಲ ಹೊತ್ತ ಹುಟ್ಟೂ ತನಕ, ವಿಶೇಷ ಸಂದರ್ಭದಾಗ ಮಹಿಳಾ ಅಧಿಕಾರಿ ಮ್ಯಾಜಿಸ್ಟ್ರೇಟ್ ಅನುಮತಿ ತಗೊಂಡ್ರ ಬಿಟ್ರ, ಬಂಧಿಸೂ ಹಂಗಿಲ್ಲ. ಗುಂಪು ಸೇರಬಾರ್ದು ಅಂತ ಹೊರಡಿಸೂ ಹಳೇ 144ನೇ ಕಲಂ ಈಗ 163 ಆಗೈತಿ, ಎರಡ ತಿಂಗಳ ಮ್ಯಾಲ ನಡೀಬೇಕಂದ್ರ ರಾಜ್ಯ ಸರ್ಕಾರ ಬ್ಯಾರೆ ಆದೇಶ ಹೊರಡಿಸಬೇಕು, ಆದೇಶದ ಪ್ರತಿ ಕೇಳಿ ಓದ್ರಿ, ಎಷ್ಟೋ ಸಲ ನೀವು ಸೇರೂ ಜಾಗ ಅದ್ರಾಗ ಇರೂದಿಲ್ಲ. ಹನ್ನೊಂದೂ ಮಂದಿ ಫೋನ್ ಬಿಟ್ಟು ಎರಡ ನಂಬರು ಬಾಯಿಪಾಠ ಮಾಡ್ರಿ, ಒಂದ ಮನೀದು, ಒಂದ ವಕೀಲರದು.

ಪ್ರಶ್ನೆ ಕೇಳಿದ ಹುಡುಗ:

ಎಲ್ಲಾ ಹಿರಿಯರಿಗೂ ನಮಸ್ಕಾರ ರೀ. ಫೋನ್ ಬಂದಿದ್ದ ಆ ಎರಡೂ ಮನ್ಯಾಗ ನಿನ್ನೆ ಇದನ್ನೆಲ್ಲಾ ಓದಿ ಹೇಳಿದೆ, ಒಬ್ಬರ ಅವ್ವ "ನಾನೂ ಬರ್ತೀನಿ ನಡೀ" ಅಂದ್ರು. ಪಕ್ಷದ ಮಾತು ನಮ್ಮೊಳಗ ಇನ್ನೂ ತೀರ್ಮಾನ ಆಗಿಲ್ಲ. ಐತವಾರ ಮುಂಜಾನೆ ಹತ್ತಕ್ಕ ಮೊದಲನೇ ಮನಿಯಿಂದ ರೆಜಿಸ್ಟರ್ ಶುರು ಮಾಡ್ತೀವಿ. ಅಕ್ಕಾರ, ಒಂದ ಕೇಳ್ತೀನಿ, ಮೊದಲನೇ ದಿನ ಮನಿಯವ್ರು ನೀವ್ಯಾರು, ಯಾಕ ಬರಕೊಳ್ಳಾಕತ್ತೀರಿ ಅಂದ್ರ ಏನ್ ಹೇಳೂದು?

ಹಳೇ ಹುಬ್ಬಳ್ಳಿಯಿಂದ:

ಖರೇನ ಹೇಳ್ರಿ, ಹೆಸರು, ಯಾರ ಮಗ, ಯಾವ ಮನಿ. ಪುಟ ಅವರ ಕೈಯಾಗ ಕೊಟ್ಟು ಓದಿಸ್ರಿ, ಬ್ಯಾಡಂದ್ರ ಅವರ ಮುಂದನ ಹರದು ಕೊಡ್ರಿ. ಮೊದಲನೇ ದಿನ ಐದ ಮನಿ ಸಾಕು, ಗಡಿಬಿಡಿ ಬ್ಯಾಡ. ಅಂಗನವಾಡಿ ಅಕ್ಕಾರನ್ನ ಮುಂದ ಮಾಡಿ ಕೆಲಸ ಮಾಡಿಸಬ್ಯಾಡ್ರಿ, ಅವರ ಗೌರವಧನ ಸರ್ಕಾರದಿಂದ ಬರ್ತೈತಿ, ಅವ್ರಿಗೆ ತೊಂದ್ರಿ ಆಗಬಾರ್ದು. ಐತವಾರ ನಾ ಖಾಲಿ ಅದೀನಿ, ಯಾವ ಓಣಿ ಅಂತ ಹೇಳ್ರಿ, ನನ್ನ ಹಳೇ ರೆಜಿಸ್ಟರ್ ತಗೊಂಡ ಬರ್ತೀನಿ.