ಹಂಸದ ಗಾಳಿ ದಿಕ್ಸೂಚಿ ಗಾಳಿಗೆ ಎದುರು ನಿಲ್ಲುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ: ಉತ್ತರ ಜರ್ಮನಿಯ ಪೂರ್ವ ಫ್ರೀಸ್‌ಲ್ಯಾಂಡಿನಲ್ಲಿ ಲೂಥರನ್ ಚರ್ಚ್ ಗೋಪುರಗಳ ತುದಿಯಲ್ಲಿ ಹಂಸ ಇರುತ್ತದಲ್ವಾ, ಅಂಥದ್ದನ್ನು ತಾಮ್ರದ ತಗಡಿನಲ್ಲಿ ಕತ್ತರಿಸಿದ್ದೇನೆ. ತಾರಸಿಯಲ್ಲಿಟ್ಟರೆ ಅಡ್ಡಡ್ಡ ನಿಲ್ಲುತ್ತದೆ, ಕೆಲವು ಸಲ ಬಾಲವೇ ಮುಂದೆ. ತೂಕ ಸರಿಯಾಗಿ ಸಮ ಬರುವ ಕಡೆಯೇ ಸರಳು ಕೂರಿಸಿದ್ದೇನೆ. ಎಣ್ಣೆಯನ್ನೂ ಬಿಟ್ಟಿದ್ದೇನೆ. ಬಾಲ ದೊಡ್ಡದಿರುವ ಹುಂಜ ಮಾಡಿಬಿಡಲಾ?

ಉತ್ತರ: ದಯವಿಟ್ಟು ಹುಂಜ ಮಾಡಬೇಡಿ. ಆ ಕಡೆ ಹುಂಜ ಸಾಮಾನ್ಯವಾಗಿ ರಿಫಾರ್ಮ್ಡ್ (ಇನ್ನೊಂದು ಪ್ರೊಟೆಸ್ಟಂಟ್ ಪಂಥ) ಮತ್ತು ಕ್ಯಾಥೊಲಿಕ್ ಚರ್ಚುಗಳ ಮೇಲಿರುತ್ತದೆ. ಹಂಸ ಅಂದರೆ ಲೂಥರ್, ಲೂಥರನ್ ಪಂಥಕ್ಕೆ ಹೆಸರು ಕೊಟ್ಟ ಜರ್ಮನ್ ಧರ್ಮ ಸುಧಾರಕ. ಅವನಿಗಿಂತ ಮೊದಲಿನ ಚೆಕ್ ಧರ್ಮ ಸುಧಾರಕ ಯಾನ್ ಹಸ್‌ನನ್ನು 1415ರಲ್ಲಿ ಕಾನ್‌ಸ್ಟನ್ಸ್ ನಗರದಲ್ಲಿ ಸುಟ್ಟರು. ಚೆಕ್ ಭಾಷೆಯಲ್ಲಿ 'ಹಸ್' ಅಂದರೆ ಹೆಬ್ಬಾತು. 'ಈಗ ಹೆಬ್ಬಾತನ್ನು ಸುಡುತ್ತೀರಿ, ನೂರು ವರ್ಷಕ್ಕೆ ಹಂಸ ಬರುತ್ತದೆ' ಅಂತ ಅವನು ಹೇಳಿದ್ದನೆಂದು ಕಥೆ. 1531ರಲ್ಲಿ ಲೂಥರನೇ ಆ ಹಂಸ ತಾನೇ ಅಂತ ಬರೆದ. ಆಮ್‌ಸ್ಟರ್‌ಡ್ಯಾಮಿನ ದುಂಡು ಲೂಥರನ್ ಚರ್ಚಿನ ಗುಮ್ಮಟದ ಮೇಲೂ ಹಂಸವೇ ಇದೆ. ಹಕ್ಕಿ ಬದಲಾದರೆ ಚರ್ಚೇ ಬದಲಾದ ಹಾಗೆ.

ಈಗ ತೊಂದರೆಗೆ ಬರೋಣ. ಎಣ್ಣೆಯಿಂದ ಇದು ಸರಿಹೋಗಲ್ಲ. ನಿಮ್ಮ ತಗಡು ಎಲ್ಲ ಕಡೆ ಒಂದೇ ದಪ್ಪ. ಹಾಗಾಗಿ ತೂಕ ಸಮ ಬರುವ ಜಾಗದಲ್ಲಿ ಗಾಳಿಯ ತಳ್ಳುವಿಕೆಯೂ ಎರಡೂ ಕಡೆ ಸಮವೇ. ಯಾವ ಕಡೆಗೆ ತಿರುಗಬೇಕೆಂದು ಅದಕ್ಕೆ ಗೊತ್ತಾಗುವುದು ಹೇಗೆ? ಸರಳನ್ನು ಎದೆಯ ಕಡೆಗೆ ಸರಿಸಿ. ರೆಕ್ಕೆ, ಬಾಲ ಎಲ್ಲ ಹಿಂದೆ ಉಳಿಯಲಿ. ಆಗ ಹಿಂಭಾಗ ಭಾರವಾಗಿ ವಾಲುತ್ತದೆ, ಅದಕ್ಕೆ ಮುಂದುಗಡೆ ಸೀಸ ಕೊಡಿ.

ಪ್ರಶ್ನೆ: ಕತ್ತಿಗೆ ಸೀಸ ಅಂಟಿಸಿದರೆ ಅಂದ ಕೆಡಲ್ವಾ?

ಉತ್ತರ: ಕತ್ತು ಮುಟ್ಟಬೇಡಿ, ಆ ಬಾಗು ದೂರದಿಂದ ಕಾಣಬೇಕು. ಎದೆಯ ಕೆಳಗಿಂದ ಮುಂದಕ್ಕೆ ಒಂದು ಗಿಡ್ಡ ಕಡ್ಡಿ ಬೆಸೆದು, ತುದಿಗೆ ಸೀಸದ ಗುಂಡು ಹಾಕಿ. ಗುಂಡು ಸಣ್ಣದು, ಗಾಳಿಗೆ ಅಷ್ಟಾಗಿ ಸಿಗುವುದಿಲ್ಲ.

ಪ್ರಶ್ನೆ: ಮಾಡಿದೆ. ಜೋರು ಗಾಳಿಗೆ ಕೊಕ್ಕು ಸರಿಯಾಗಿ ಎದುರು ನಿಲ್ಲುತ್ತಿದೆ! ಮೆಲ್ಲಗೆ ಬೀಸಿದರೆ ಮಾತ್ರ ಅಲ್ಲಾಡುವುದಿಲ್ಲ.

ಉತ್ತರ: ಹಾಗಾದರೆ ಉಳಿದಿರುವುದು ಉಜ್ಜಾಟ. ಹಂಸಕ್ಕೆ ತಲೆ ಮುಚ್ಚಿದ ಹಿತ್ತಾಳೆ ಕೊಳವೆ ಬೆಸೆದು, ಸರಳಿನ ಮೇಲೆ ಟೋಪಿಯಂತೆ ಕೂರಿಸಿ. ಒಳಗೆ, ಸರಳಿನ ತುದಿಗೂ ಮುಚ್ಚಳಕ್ಕೂ ನಡುವೆ ಒಂದೇ ಒಂದು ಸ್ಟೀಲ್ ಗೋಲಿ, ಸ್ವಲ್ಪ ಗ್ರೀಸ್. ಕೊಳವೆ ಕೆಳಗೆ ಬಾಯಿ ತೆರೆದಿರುವುದರಿಂದ ಮಳೆನೀರು ಒಳಗೆ ನಿಲ್ಲುವುದಿಲ್ಲ. ಸರಳು ಸಾದಾ ಕಬ್ಬಿಣದ್ದಾದರೆ ಬದಲಾಯಿಸಿ, ತಾಮ್ರದ ಜೊತೆ ಒದ್ದೆಯಾದರೆ ಅದು ಬೇಗ ತುಕ್ಕು ಹಿಡಿಯುತ್ತದೆ.